ಹೆಲ್ಪರ್ ಅನ್ನೋ ಪದ: ಪೈಪ್ ಫಿಟ್ಟರ್ ಕಸುಬನ್ನ ಜನ ಕಲಿತದ್ದು ಹೇಗೆ?

ಈ ಸಲದ ಮಾತು ಪೈಪಿನ ಬಗ್ಗೆ. ಸ್ವಲ್ಪ ತಾಳ್ಮೆ ಇರಲಿ, ರಾಜರು ಯುದ್ಧಗಳು ಬರೋದು ಕಡಿಮೆ.

ಹೋದ ದೀಪಾವಳಿಗೆ ಗದಗಕ್ಕೆ ಹೋಗಿದ್ದಾಗ ನಮ್ಮ ಕಾಕಾ ಒಂದು ತಗಡಿನ ಟ್ರಂಕು ತಂದು ಎದುರಿಗಿಟ್ಟರು. ಹಳೇ ಪಿಎಫ್ ದುಡ್ಡು ಎಲ್ಲೋ ಸಿಕ್ಕಿಹಾಕಿಕೊಂಡಿದೆಯಂತೆ. "ನೀ ದಿನಾ ಕಂಪ್ಯೂಟರ್‌ದಾಗ ಇರ್ತೀ, ಇದೊಂದ್ ನೋಡಪಾ" ಅಂದರು. ಮನೇಲಿ ಒಬ್ಬ ಸಾಫ್ಟ್‌ವೇರಿನವನಿದ್ದರೆ ಪಿಎಫ್, ಆಧಾರ್, ಟಿವಿ ರಿಮೋಟು ಎಲ್ಲ ಅವನ ಖಾತೆಯೇ, ನಿಮಗೂ ಗೊತ್ತಿರುತ್ತೆ. ಟ್ರಂಕಿನಲ್ಲಿ 1978ರಿಂದ 1989ರವರೆಗಿನ ಪಗಾರ ಚೀಟಿಗಳಿದ್ದವು. ಮುಂಬೈಯಲ್ಲಿ ಟ್ರಾಂಬೆ ಕಡೆಯ ಪ್ಲಾಂಟುಗಳಲ್ಲಿ ಒಬ್ಬ ಗುತ್ತಿಗೆದಾರನ ಕೈಕೆಳಗೆ ದುಡಿದ ವರ್ಷಗಳು. ಪ್ರತಿ ಚೀಟಿಯಲ್ಲೂ ಹುದ್ದೆ ಅನ್ನೋ ಜಾಗದಲ್ಲಿ ಒಂದೇ ಪದ: ಹೆಲ್ಪರ್.

ನಾನು ಹುಟ್ಟಿದಾಗಿನಿಂದ ಕೇಳಿದ್ದು ಕಾಕಾ ಪೈಪ್ ಫಿಟ್ಟರ್ ಅಂತ. ಇದೇನು ಅಂತ ಕೇಳಿದೆ. "ಮಾಡ್ತಿದ್ದದ್ದು ಫಿಟ್ಟರ್ ಕೆಲಸಾನ. ಕಾಗದದಾಗ ಹೆಲ್ಪರ್" ಅಂದು ಚೀಟಿಗಳನ್ನ ಮತ್ತೆ ಜೋಡಿಸಿಡತೊಡಗಿದರು.

ಪುಣೆಗೆ ವಾಪಸ್ ಬಂದ ಮೇಲೂ ಆ ಪದ ತಲೆಯಿಂದ ಹೋಗಲಿಲ್ಲ. ನಾನು ಎಂಟೆಕ್ ಮಾಡಿದವನು. ನಾನು ಏನು ಕಲಿತೆ, ಯಾವಾಗ ಮುಗಿಸಿದೆ ಅನ್ನೋದಕ್ಕೆ ಕಾಗದ ಇದೆ. ಕಾಕಾ ಕಲಿತದ್ದಕ್ಕೆ ಯಾಕಿಲ್ಲ? ಈ ಕಸುಬನ್ನ ಜಗತ್ತಿನಲ್ಲಿ ಯಾರು ಯಾರಿಗೆ ಹೇಗೆ ಕಲಿಸಿದರು? ಕೆಲವು ತಿಂಗಳು ಇದನ್ನೇ ಓದಿದೆ.

ಮೊದಲು ಒಂದು ವ್ಯತ್ಯಾಸ ಹೇಳಿಬಿಡ್ತೀನಿ. ನಮ್ಮ ಫ್ಲಾಟಿಗೆ ಬಂದು ನಲ್ಲಿ ರಿಪೇರಿ ಮಾಡೋನು ಪ್ಲಂಬರ್. ಪೈಪ್ ಫಿಟ್ಟರ್ ಕೆಲಸ ಮಾಡೋದು ರಿಫೈನರಿ, ವಿದ್ಯುತ್ ಸ್ಥಾವರ, ಹಡಗು ಕಟ್ಟೆ, ಗೊಬ್ಬರದ ಕಾರ್ಖಾನೆಗಳಲ್ಲಿ. ಅವನ ಪೈಪಿನೊಳಗೆ ಹರಿಯೋದು ಉಗಿ, ಎಣ್ಣೆ, ಗ್ಯಾಸು, ಆಸಿಡ್ಡು. ಜಾಯಿಂಟ್ ಬಿಟ್ಟರೆ ನೆಲ ಒದ್ದೆಯಾಗೋದಲ್ಲ, ಜನ ಸಾಯ್ತಾರೆ.

ಪ್ಲಂಬರ್ ಅನ್ನೋ ಪದ ಬಂದದ್ದು ಲ್ಯಾಟಿನ್ನಿನ ಪ್ಲಂಬಮ್‌ನಿಂದ, ಅಂದ್ರೆ ಸೀಸ. ಇಂಗ್ಲೆಂಡಿನಲ್ಲಿ ಅದು ಬಹಳ ಹಳೇ ಕಸುಬು. ಲಂಡನ್ನಿನ ಪ್ಲಂಬರುಗಳ ಸಂಘಕ್ಕೆ 1365ರಷ್ಟು ಹಿಂದೆಯೇ ನಿಯಮಾವಳಿ ಇತ್ತು. 1563ರಲ್ಲಿ, ಮೊದಲನೇ ಎಲಿಜಬೆತ್ ರಾಣಿಯ ಕಾಲದಲ್ಲಿ, ಒಂದು ಕಾನೂನು ಬಂತು: ಏಳು ವರ್ಷ ಒಬ್ಬ ಗುರುವಿನ ಹತ್ತಿರ ಅಪ್ರೆಂಟಿಸ್ ಆಗಿ ಕಲಿಯದೆ ಯಾರೂ ಕಸುಬು ಮಾಡುವಂತಿಲ್ಲ. ಏಳು ವರ್ಷ ಗುರುವಿನ ಮನೆಯಲ್ಲೇ ಊಟ, ನಿದ್ದೆ, ಬೈಗುಳ, ಏಟು. ಕಷ್ಟದ ಬದುಕೇ. ಆದರೆ ಅದಕ್ಕೊಂದು ಕೊನೆಯ ದಿನ ಇತ್ತು. ಅವತ್ತು ಹುಡುಗ ಪೂರ್ತಿ ಕಸುಬುದಾರ, ಅದನ್ನ ಯಾರೂ ಅಲ್ಲ ಅನ್ನುವಂತಿಲ್ಲ.

ಪೈಪ್ ಫಿಟ್ಟರ್‌ಗೆ ಅಂಥ ವಂಶವೃಕ್ಷ ಇಲ್ಲ. ಅವನು ಹುಟ್ಟಿದ್ದು ಗ್ಯಾಸ್ ದೀಪದ ಜೊತೆ. 1792ರಲ್ಲಿ ವಿಲಿಯಂ ಮರ್ಡಾಕ್ ಅನ್ನೋ ಎಂಜಿನಿಯರು ಕಾರ್ನ್‌ವಾಲಿನ ರೆಡ್ರೂತ್ ಊರಿನಲ್ಲಿ ತನ್ನ ಮನೆಗೆ ಕಲ್ಲಿದ್ದಲಿನ ಗ್ಯಾಸಿನಿಂದ ದೀಪ ಹಚ್ಚಿದ. 1812ರಲ್ಲಿ ಲಂಡನ್ನಿನ ಬೀದಿಗಳಿಗೆ ಗ್ಯಾಸು ಕೊಡೋಕೆ ಕಂಪನಿಯೇ ಶುರುವಾಯ್ತು. ಸರಿ, ಗ್ಯಾಸನ್ನ ಮನೆಮನೆಗೆ ಒಯ್ಯೋದು ಹೇಗೆ? ಸಣ್ಣ ಅಳತೆಯ ಕಬ್ಬಿಣದ ಕೊಳವೆ ಆಗ ಅಗ್ಗವಾಗಿ ಸಿಗ್ತಿದ್ದದ್ದು ಒಂದೇ ಕಡೆ, ಬಂದೂಕು ಮಾಡೋರ ಹತ್ತಿರ. ನೆಪೋಲಿಯನ್ ಯುದ್ಧಗಳು ಮುಗಿದು ಬಂದೂಕಿನ ನಳಿಗೆಗಳು ರಾಶಿ ಬಿದ್ದಿದ್ದವು. ಅವುಗಳ ತುದಿಗೆ ಮರೆ ಕೊರೆದು ಒಂದಕ್ಕೊಂದು ತಿರುಗಿಸಿ ಗ್ಯಾಸ್ ಲೈನು ಎಳೆದರು. ಬ್ರಿಟನ್ನಿನ ಕೆಲಸಗಾರರ ಬಾಯಲ್ಲಿ ಪೈಪಿಗೆ ಬ್ಯಾರಲ್ ಅನ್ನೋ ಹೆಸರು ಆಮೇಲೂ ಉಳೀತು. ಯುದ್ಧ ಬರಲ್ಲ ಅಂದಿದ್ದೆ, ಹಿಂಬಾಗಿಲಿನಿಂದ ಬಂತು ನೋಡಿ.

ಈಗ ಇಸವಿಗಳನ್ನ ಪಕ್ಕಪಕ್ಕ ಇಡಿ. ಗ್ಯಾಸ್ ಕಂಪನಿ 1812. ಏಳು ವರ್ಷದ ಅಪ್ರೆಂಟಿಸ್ ಕಡ್ಡಾಯ ಅನ್ನುವ ಆ ಹಳೇ ವಿಧಿಯನ್ನ ಪಾರ್ಲಿಮೆಂಟು ತೆಗೆದುಹಾಕಿದ್ದು 1814. ಅಂದ್ರೆ ಈ ಕಸುಬು ಕಣ್ಣು ಬಿಡುವ ಹೊತ್ತಿಗೆ, ಕಲಿಸಲೇಬೇಕು ಅನ್ನುವ ಕಾನೂನು ಕಣ್ಣು ಮುಚ್ಚಿತ್ತು. ಗ್ಯಾಸ್ ಫಿಟ್ಟರ್, ಸ್ಟೀಮ್ ಫಿಟ್ಟರ್ ಆಗಿ ಬಂದೋರು ಕಮ್ಮಾರರು, ಬೀಗ ಮಾಡೋರು, ಹೀಗೇ ಕೈಗೆ ಸಿಕ್ಕವರು. ಒಬ್ಬನ ಪಕ್ಕ ಇನ್ನೊಬ್ಬ ನಿಂತು ಪೈಪ್ ಹಿಡಿದ, ನೋಡಿ ಕಲಿತ. ನನ್ನ ಪ್ರಕಾರ ಹೆಲ್ಪರ್ ಅನ್ನೋನ ಜನ್ಮಸ್ಥಾನ ಇಲ್ಲೇ.

ಆ ಕಾಲದ ಗುರುತು ಇವತ್ತಿಗೂ ಪೈಪಿನ ಮೈಮೇಲಿದೆ. ಹಳೇ ಬಿಲ್ಡಿಂಗಿನ ಅರ್ಧ ಇಂಚಿನ ಜಿ.ಐ. ಪೈಪನ್ನ ಯಾವತ್ತಾದರೂ ಅಳೆದು ನೋಡಿ. ಹೊರಗಿನ ಅಗಲ 21.3 ಮಿಲಿಮೀಟರ್, ಒಳಗಿನದು ಸುಮಾರು 16. ಅರ್ಧ ಇಂಚು ಅಂದ್ರೆ 12.7. ಹಾಗಾದ್ರೆ ಅರ್ಧ ಇಂಚು ಎಲ್ಲಿದೆ? ಎಲ್ಲೂ ಇಲ್ಲ! 1825ರಲ್ಲಿ ಕಾರ್ನೀಲಿಯಸ್ ವೈಟ್‌ಹೌಸ್ ಅನ್ನೋನು ಕಾದ ಕಬ್ಬಿಣದ ಪಟ್ಟಿಯನ್ನ ಅಚ್ಚಿನ ಮೂಲಕ ಎಳೆದು ಪೈಪ್ ಮಾಡೋ ವಿಧಾನಕ್ಕೆ ಪೇಟೆಂಟ್ ತಗೊಂಡ. ಆಗಿನ ಕಬ್ಬಿಣಕ್ಕೆ ಗೋಡೆ ದಪ್ಪ ಬೇಕಿತ್ತು, ಹೆಸರು ಇಟ್ಟದ್ದು ಒಳಗಿನ ತೂತಿನ ಅಳತೆಗೆ. ಮುಂದೆ ಒಳ್ಳೇ ಉಕ್ಕು ಬಂತು, ಗೋಡೆ ತೆಳ್ಳಗಾದರೂ ನಡೀತಿತ್ತು. ಆದರೆ ಹೊರಗಿನ ಅಳತೆ ಬದಲಿಸಿದ್ರೆ ಜಗತ್ತಿನಲ್ಲಿರೋ ಎಲ್ಲ ಎಲ್ಬೊ, ಕಪ್ಲಿಂಗ್, ಡೈ ಎಸೀಬೇಕು. ಹಾಗಾಗಿ ಹೊರಗಿನದನ್ನ ಹಾಗೇ ಬಿಟ್ಟು ಒಳಗಿನದನ್ನ ಬೆಳೆಯಲು ಬಿಟ್ಟರು. ನಾವು ಲೆಗಸಿ ಕೋಡ್ ಅಂತ ಗೋಳಾಡ್ತೀವಲ್ಲ, ಇನ್ನೂರು ವರ್ಷದ ಲೆಗಸಿ ಇದು. ಇನ್ನೂ ಮಜಾ ಕೇಳಿ: 12 ಇಂಚಿನ ಪೈಪಿನ ಹೊರಗಿನ ಅಗಲ 323.9 ಮಿ.ಮೀ., ಅಂದ್ರೆ 12 ಇಂಚಿಗಿಂತ ಜಾಸ್ತಿ. 14 ಇಂಚಿನದು 355.6, ಕರಾರುವಾಕ್ಕಾಗಿ 14 ಇಂಚು. ಅಲ್ಲಿಂದ ಮೇಲೆ ಹೆಸರಿಗೂ ಅಳತೆಗೂ ತಾಳೆಯಾಗುತ್ತೆ. ಇದಕ್ಕೆ ಯಾವ ಸೂತ್ರವೂ ಇಲ್ಲ. ಯಾರಾದರೂ ಹೇಳಿಕೊಡಬೇಕು, ಇಲ್ಲ ಏಟು ತಿಂದು ಕಲೀಬೇಕು.

ಮರೆಯ ಕಥೆಯೂ ಹಾಗೇ. 1841ರಲ್ಲಿ ಜೋಸೆಫ್ ವಿಟ್‌ವರ್ತ್ ಬ್ರಿಟನ್ನಿಗೆ ಒಂದೇ ನಮೂನೆಯ ಮರೆ ಇರಲಿ ಅಂದ. ಅದರ ಕೋನ 55 ಡಿಗ್ರಿ. ಅಮೆರಿಕದಲ್ಲಿ ರಾಬರ್ಟ್ ಬ್ರಿಗ್ಸ್ ಹಾಕಿಕೊಟ್ಟ ಪೈಪ್ ಮರೆ 1886ರಲ್ಲಿ ಅಲ್ಲಿನ ಸ್ಟ್ಯಾಂಡರ್ಡ್ ಆಯ್ತು. ಅದರ ಕೋನ 60 ಡಿಗ್ರಿ. ಈ ಐದು ಡಿಗ್ರಿಯನ್ನ ನೆನಪಿಟ್ಟುಕೊಳ್ಳಿ, ಕಾಕಾನ ಕಥೆಯಲ್ಲಿ ಮತ್ತೆ ಬರುತ್ತೆ.

ಇನ್ನು ಅಮೆರಿಕ. 1889ರಲ್ಲಿ ಅಲ್ಲಿ ಪೈಪ್ ಕೆಲಸದವರ ಒಂದು ಯೂನಿಯನ್ ಹುಟ್ಟಿತು, ಈಗಲೂ ಇದೆ. ಚಿಕ್ಕದಾಗಿ ಯುನೈಟೆಡ್ ಅಸೋಸಿಯೇಷನ್ ಅಂತಾರೆ. ಅದರ ಆಗಿನ ಪೂರ್ತಿ ಹೆಸರು ಓದಿದಾಗ ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ. ಜರ್ನಿಮನ್ ಪ್ಲಂಬರುಗಳು, ಗ್ಯಾಸ್ ಫಿಟ್ಟರುಗಳು, ಸ್ಟೀಮ್ ಫಿಟ್ಟರುಗಳು ಮತ್ತು ಸ್ಟೀಮ್ ಫಿಟ್ಟರುಗಳ ಹೆಲ್ಪರುಗಳ ಸಂಘ. ನಮ್ಮ ಕಾಕಾನ ಚೀಟಿಯಲ್ಲಿದ್ದ ಪದವೇ!

ಸ್ಟೀಮ್ ಪೈಪು ಭಾರ, ಒಬ್ಬನಿಂದ ಎತ್ತೋಕಾಗಲ್ಲ. ಹಾಗಾಗಿ ಒಬ್ಬ ಫಿಟ್ಟರ್, ಅವನ ಜೊತೆಗೊಬ್ಬ ಹೆಲ್ಪರ್. ಹೆಲ್ಪರ್ ಕಲೀತಾನೆ ನಿಜ, ಆದರೆ ಅವನಿಗೆ ಕಲಿಸಬೇಕು ಅಂತ ಯಾರ ಮೇಲೂ ಹೊಣೆ ಇಲ್ಲ. ಅಪ್ರೆಂಟಿಸ್ ಆದವನಿಗೆ ಇಷ್ಟು ವರ್ಷ ಅಂತ ಅವಧಿ ಇರುತ್ತೆ, ಹೆಲ್ಪರ್‌ಗೆ ಇಲ್ಲ. ಕಡಿಮೆ ಪಗಾರಕ್ಕೆ ಫಿಟ್ಟರ್ ಕೆಲಸ ಮಾಡೋ ಕೈ ಸಿಕ್ಕಿರುವಾಗ ಅವನನ್ನ ಫಿಟ್ಟರ್ ಅಂತ ಯಾಕೆ ಕರೀಬೇಕು? ಯಾವ ದೇಶದ ಗುತ್ತಿಗೆದಾರನಾದ್ರೂ ಹೀಗೇ ಲೆಕ್ಕ ಹಾಕ್ತಾನೆ.

1937ರಲ್ಲಿ ಅಮೆರಿಕದ ರಾಷ್ಟ್ರೀಯ ಅಪ್ರೆಂಟಿಸ್ ಕಾಯ್ದೆ ಬಂತು. ಫಿಟ್ಜೆರಾಲ್ಡ್ ಕಾಯ್ದೆ ಅಂತಾರೆ. ಕಲಿಯುವವನಿಗೆ ಏನು ಕಲಿಸ್ತೀರಿ, ಎಷ್ಟು ಕಾಲ, ಪಗಾರ ಹೇಗೆ ಏರುತ್ತೆ ಎಲ್ಲ ಬರಹದಲ್ಲಿ ಇರಬೇಕು ಅನ್ನೋ ವ್ಯವಸ್ಥೆ ಅದರಿಂದ ಬೆಳೀತು. ಇವತ್ತು ಆ ಯೂನಿಯನ್ನಿನ ಅಪ್ರೆಂಟಿಸ್ ತರಬೇತಿ ಐದು ವರ್ಷ. ಹಗಲು ಕೆಲಸ, ಅದಕ್ಕೆ ಪಗಾರ, ಜೊತೆಗೆ ವರ್ಷಕ್ಕೆ ಕನಿಷ್ಠ 216 ಗಂಟೆ ತರಗತಿ. ಅಲ್ಲಿ ಡ್ರಾಯಿಂಗ್ ಓದೋದು, ಲೆಕ್ಕ, ವೆಲ್ಡಿಂಗು, ಸುರಕ್ಷತೆ. ಸಂಘದ ಹೆಸರೂ ಬದಲಾಗಿದೆ. ಹೆಲ್ಪರುಗಳು ಅನ್ನೋ ಪದ ಹೋಗಿ ಅಪ್ರೆಂಟಿಸ್‌ಗಳು ಅನ್ನೋದು ಬಂದಿದೆ.

ಅಮೆರಿಕ ಸ್ವರ್ಗ ಅಂತ ನಾನು ಹೇಳ್ತಿಲ್ಲ. ಬಾಗಿಲು ಭದ್ರವಾದಾಗ ಬಾಗಿಲು ಕಾಯೋನ ದರ್ಬಾರೂ ಶುರುವಾಗುತ್ತೆ. ನ್ಯೂಯಾರ್ಕಿನ ಸ್ಟೀಮ್ ಫಿಟ್ಟರುಗಳ 638ನೇ ಶಾಖೆ ಕರಿಯರನ್ನೂ ಪೋರ್ಟೊರಿಕೊ ಮೂಲದವರನ್ನೂ ಹೊರಗಿಟ್ಟಿದೆ ಅಂತ ಕೇಸು ನಡೆದು, 1974ರಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯ ಆ ತಾರತಮ್ಯ ನಿಜ ಅನ್ನೋ ತೀರ್ಮಾನವನ್ನ ಎತ್ತಿಹಿಡೀತು. ಚೆನ್ನಾಗಿ ಕಲಿಸೋ ಶಾಲೆ ಇದ್ರೆ ಸಾಲದು, ಒಳಗೆ ಯಾರನ್ನ ಬಿಟ್ಕೋತೀರಿ ಅನ್ನೋದೂ ಪ್ರಶ್ನೆ.

ನಮ್ಮ ದೇಶಕ್ಕೆ ಬರೋಣ. ಇಲ್ಲಿ ಸರ್ಕಾರ ದೊಡ್ಡ ಪ್ರಮಾಣದಲ್ಲಿ ಕುಶಲಕರ್ಮಿಗಳನ್ನ ತಯಾರು ಮಾಡೋಕೆ ಹೊರಟದ್ದು ಎರಡನೇ ಮಹಾಯುದ್ಧದ ಒತ್ತಡಕ್ಕೆ. 1940ರಲ್ಲಿ ಯುದ್ಧಕಾಲದ ತಾಂತ್ರಿಕ ತರಬೇತಿ ಯೋಜನೆ ಬಂತು. 1941ರಿಂದ ಭಾರತದ ಯುವಕರನ್ನ ಇಂಗ್ಲೆಂಡಿಗೇ ಕಳಿಸಿ ಅಲ್ಲಿನ ಕಾರ್ಖಾನೆಗಳಲ್ಲಿ ತರಬೇತಿ ಕೊಡಿಸಿದರು. ಆಗಿನ ಬ್ರಿಟನ್ನಿನ ಕಾರ್ಮಿಕ ಮಂತ್ರಿ ಅರ್ನೆಸ್ಟ್ ಬೆವಿನ್ ಹೆಸರಲ್ಲಿ ಅವರನ್ನ ಬೆವಿನ್ ಹುಡುಗರು ಅಂತಿದ್ರು. ಸ್ವಾತಂತ್ರ್ಯ ಬಂದ ಮೇಲೆ 1950ರಲ್ಲಿ ಕುಶಲಕರ್ಮಿ ತರಬೇತಿ ಯೋಜನೆ, ಅಂದ್ರೆ ನಮಗೆಲ್ಲ ಗೊತ್ತಿರೋ ಐಟಿಐ. ಫಿಟ್ಟರ್‌ಗೆ ಎರಡು ವರ್ಷ, ಪ್ಲಂಬರ್‌ಗೆ ಒಂದು. 1956ರಲ್ಲಿ ಅವುಗಳ ಆಡಳಿತ ರಾಜ್ಯಗಳ ಕೈಗೆ ಬಂತು.

ತರಗತಿ ಆಯ್ತು, ಕಾರ್ಖಾನೆ? ಅದಕ್ಕೆ 1961ರ ಅಪ್ರೆಂಟಿಸ್ ಕಾಯ್ದೆ. ಕನಿಷ್ಠ ವಯಸ್ಸು 14, ಬರಹದ ಕರಾರು, ಸ್ಟೈಪೆಂಡು, ಕೊನೆಗೆ ಪರೀಕ್ಷೆ. ಕಾಯ್ದೆಯ ಕಸುಬುಗಳ ಪಟ್ಟಿಯಲ್ಲಿ ಪೈಪ್ ಫಿಟ್ಟರ್ ಕೂಡ ಇದೆ. ಮುಂಬೈಯ ಮಜಗಾಂವ್ ಡಾಕ್‌ನವರು ಹತ್ತನೇ ಕ್ಲಾಸು ಪಾಸಾದವರನ್ನ ಪೈಪ್ ಫಿಟ್ಟರ್ ಅಪ್ರೆಂಟಿಸ್ ಆಗಿ ತಗೊಂಡು ತಮ್ಮದೇ ಶಾಲೆಯಲ್ಲಿ ಕಲಿಸ್ತಾರೆ. ಇಂಥ ಕಡೆ ಕಲಿತವನ ಕೈಯೇ ಬೇರೆ ಅಂತ ಕಾಕಾನೇ ಒಪ್ತಾರೆ.

ಕಾಕಾ ಓದಿದ್ದು ಏಳನೇ ಇಯತ್ತೆ. 1977ರಲ್ಲಿ ಊರಿನವರೊಬ್ಬರ ಹಿಂದೆ ಮುಂಬೈಗೆ ಬಂದರು. ಟ್ರಾಂಬೆಯಲ್ಲಿ ರಿಫೈನರಿಗಳು ಶುರುವಾಗಿ ಆಗಲೇ ಇಪ್ಪತ್ತು ವರ್ಷ ದಾಟಿತ್ತು. ಸ್ಟ್ಯಾನ್‌ವ್ಯಾಕ್‌ನದು 1954, ಬರ್ಮಾ ಶೆಲ್‌ನದು 1955. ಜೊತೆಗೆ ಗೊಬ್ಬರದ ಕಾರ್ಖಾನೆ. ಇವು ಆಗಾಗ ಶಟ್‌ಡೌನ್ ತಗೋತವೆ, ಆಗ ಪೈಪ್ ಬದಲಿಸೋಕೆ ನೂರಾರು ಕೈ ಬೇಕು. ಕಾಕಾ ಹೇಳೋದು, ಬೆಳಿಗ್ಗೆ ಗೇಟಿನಲ್ಲಿ ಎರಡು ಸಾಲು ಇರ್ತಿತ್ತಂತೆ. ಒಂದು ಕಂಪನಿಯ ಅಪ್ರೆಂಟಿಸ್ ಹುಡುಗರದ್ದು, ಇನ್ನೊಂದು ಗುತ್ತಿಗೆಯವರದ್ದು. ಒಳಗೆ ಇಬ್ಬರೂ ಮುಟ್ಟೋದು ಅದೇ ಪೈಪನ್ನ.

ಮೊದಲ ಎರಡು ವರ್ಷ ಹೊರೋದು, ತಿಕ್ಕೋದು, ಚಹಾ ತರೋದು. ಆಮೇಲೆ ಗ್ರೈಂಡಿಂಗು. ಗ್ಯಾಂಗಿನ ಉಸ್ತಾದ ಒಬ್ಬನಿದ್ದ, ಕೆಲಸದಲ್ಲಿ ಹುಲಿ. ಆದರೆ ಐಸೊಮೆಟ್ರಿಕ್ ಡ್ರಾಯಿಂಗನ್ನ, ಇವರ ಭಾಷೆಯಲ್ಲಿ 'ಐಸೊ', ನೋಡಿ ಮಡಚಿ ಜೇಬಿಗೆ ಹಾಕ್ಕೊಂಡುಬಿಡ್ತಿದ್ದ. ಅಳತೆ ಮಾತ್ರ ಬಾಯಲ್ಲಿ ಹೇಳೋದು. ಕಾಕಾನಿಗೆ ಐಸೊ ಓದೋದನ್ನ ಹೇಳಿಕೊಟ್ಟದ್ದು ಆ ಇನ್ನೊಂದು ಸಾಲಿನ ಒಬ್ಬ ಹುಡುಗ, ಕಾರವಾರದ ಕಡೆಯವನು, ಕನ್ನಡ ಮಾತಾಡ್ತಾನೆ ಅಂತ ಊಟದ ಹೊತ್ತಲ್ಲಿ ಜೊತೆಗೆ ಕೂರ್ತಿದ್ದವನು. ತರಬೇತಿ ಮುಗಿದಾಗ ತನ್ನ ನೋಟ್‌ಬುಕ್ಕನ್ನೇ ಕೊಟ್ಟುಹೋದ. "ಅಂವಾ ನನಗ ಗುರು. ನನಗಿಂತ ನಾಕ್ ವರ್ಷ ಸಣ್ಣಾಂವ" ಅಂತಾರೆ ಕಾಕಾ.

ದೀಪಾವಳಿಯ ಮರುದಿನ ಅವರಿಂದ ಒಂದು ಲೆಕ್ಕ ಮಾಡಿಸಿದೆ. ನಾಲ್ಕು ಇಂಚಿನ ಪೈಪು ಪಕ್ಕಕ್ಕೆ 300 ಮಿ.ಮೀ. ಸರೀಬೇಕು, ಅದೇ ಹೊತ್ತಿಗೆ ಮೇಲಕ್ಕೆ 400 ಏರಬೇಕು. ಎರಡು 45 ಡಿಗ್ರಿ ಎಲ್ಬೊ ಹಾಕಿದರೆ ನಡುವಿನ ತುಂಡು ಎಷ್ಟುದ್ದ? ಇದಕ್ಕೆ ರೋಲಿಂಗ್ ಆಫ್‌ಸೆಟ್ ಅಂತಾರೆ, ಪೈಪ್ ಫಿಟ್ಟರ್ ತರಬೇತಿಯಲ್ಲಿ ಹುಡುಗರು ಎಡವೋ ಜಾಗ. ನಾನು ಮೊಬೈಲ್ ತೆಗೆದೆ. ಕಾಕಾ ಸೀಮೆಸುಣ್ಣ ತಗೊಂಡು ಅಂಗಳದಲ್ಲಿ ಕೂತರು. ಮೂಲೆಗೆ ಮೂಲೆ ಸರಿಯಾಗಿ 300, 400ರ ಎರಡು ಗೆರೆ ಎಳೆದು ತುದಿಯಿಂದ ತುದಿಗೆ ಟೇಪು ಇಟ್ಟರು: 500. ಆ ಗೆರೆಯ ತುದಿಯಲ್ಲಿ ಮತ್ತೆ ಮೂಲೆ ಹಿಡಿದು ಅಷ್ಟೇ ಉದ್ದದ ಇನ್ನೊಂದು ಗೆರೆ, ಮತ್ತೆ ಅಡ್ಡ ಟೇಪು: 707. ವರ್ಗಮೂಲ ಇಲ್ಲ, ಸೈನ್ ಕಾಸ್ ಇಲ್ಲ. ಪೈಥಾಗೊರಸನ ಹೆಸರನ್ನೂ ಕೇಳಿಲ್ಲ, ಬೌಧಾಯನನ ಹೆಸರನ್ನೂ ಕೇಳಿಲ್ಲ.

"ಎಲ್ಬೊ ಎಷ್ಟ್ ತಿಂತದ?" ಅಂತ ನನ್ನನ್ನೇ ಕೇಳಿದರು. ನನಗೆ ಗೊತ್ತಿರಲಿಲ್ಲ. ನಾಲ್ಕು ಇಂಚಿನ 45 ಡಿಗ್ರಿ ಎಲ್ಬೊ ನಡುವಿನಿಂದ ಅಂಚಿಗೆ 64 ಮಿ.ಮೀ., ಎರಡಕ್ಕೆ 128. ಉಳಿದದ್ದು 579. ವೆಲ್ಡಿಂಗಿಗೆ ಎರಡೂ ಕಡೆ ಮೂರು ಮೂರು ಸಂದು ಬಿಡಬೇಕು, ಆರು ಹೋಯ್ತು. ಕೊಯ್ಯೋದು 573. ನನ್ನ ಮೊಬೈಲು 707ಕ್ಕೆ ನಿಂತಿತ್ತು. ಆ ಅಳತೆಗೆ ಕೊಯ್ದಿದ್ದರೆ ಒಂದು ಪೈಪ್ ಹಾಳು.

ಇಲ್ಲಿ ಚಪ್ಪಾಳೆ ಹೊಡೆದು, ನೋಡಿ ಅನುಭವದ ಮುಂದೆ ಡಿಗ್ರಿ ಏನೂ ಅಲ್ಲ ಅಂತ ಮಾತು ಮುಗಿಸಿಬಿಡಬಹುದು. ಕಾಕಾ ಒಪ್ಪಲ್ಲ. 1992ರಲ್ಲಿ ಗಲ್ಫಿಗೆ ಹೋದ ಮೊದಲ ವರ್ಷದ ಕಥೆ ಅವರೇ ಹೇಳಿದ್ದು. ನಮ್ಮಲ್ಲಿನ ಜಿ.ಐ. ಪೈಪಿನ ಮರೆ ಬ್ರಿಟಿಷ್ ವಂಶದ್ದು, 55 ಡಿಗ್ರಿ. ಅಲ್ಲಿ ಅವರಿದ್ದ ಪ್ಲಾಂಟು ಪೂರ್ತಿ ಅಮೆರಿಕನ್, 60 ಡಿಗ್ರಿ. ಒಂದು ಇಂಚಿನ ಪೈಪಾದರೆ ತಪ್ಪು ತಕ್ಷಣ ಗೊತ್ತಾಗುತ್ತೆ, ಇಂಚಿಗೆ 11 ಸುತ್ತು ಒಂದರಲ್ಲಿ, ಹನ್ನೊಂದೂವರೆ ಇನ್ನೊಂದರಲ್ಲಿ, ಸ್ವಲ್ಪ ತಿರುಗಿ ಸಿಕ್ಕಿಕೊಳ್ಳುತ್ತೆ. ಆದರೆ ಅರ್ಧ ಇಂಚು, ಮುಕ್ಕಾಲು ಇಂಚಿನಲ್ಲಿ ಎರಡಕ್ಕೂ ಇಂಚಿಗೆ 14 ಸುತ್ತು. ಒಂದರೊಳಗೊಂದು ಹೋಗುತ್ತೆ, ಬಿಗಿಯಾದ ಹಾಗೂ ಅನಿಸುತ್ತೆ. ಸ್ಟೋರಿನಲ್ಲಿ ಎರಡೂ ಜಾತಿಯ ಫಿಟ್ಟಿಂಗು ಬೆರೆತಿದ್ದವು, ಕಾಕಾ ಒಂದು ಲೈನ್ ಪೂರ್ತಿ ಹಾಗೇ ಜೋಡಿಸಿದರು. ನೀರು ತುಂಬಿ ಒತ್ತಡ ಏರಿಸಿ ಪರೀಕ್ಷೆ ಮಾಡಿದಾಗ ಜಾಯಿಂಟು ಜಾಯಿಂಟಿನಲ್ಲೂ ಜಿನುಗಿತು. ಪುಣ್ಯಕ್ಕೆ ಅದು ನೀರು.

"ಇದು ಒಂದ್ ತಾಸಿನ ಪಾಠ. ಹದಿನಾಕ್ ವರ್ಷ ಆಗಿತ್ತು ಪೈಪ್ ಹಿಡದು, ಒಬ್ರೂ ಹೇಳಿದ್ದಿಲ್ಲ" ಅಂದರು. ಸರಿಯಾಗಿ ಕಲಿಸಿದ್ರೆ ತನಗೆ ನಾಲ್ಕು ವರ್ಷ ಸಾಕಿತ್ತು ಅನ್ನೋದು ಅವರ ಲೆಕ್ಕ. ಉಳಿದ ವರ್ಷಗಳ ಪಗಾರದ ವ್ಯತ್ಯಾಸವನ್ನ ನಾನು ಆ ಚೀಟಿಗಳಿಂದ ಎಕ್ಸೆಲ್ಲಿಗೆ ಹಾಕೋಕೆ ಕೂತು, ಅರ್ಧಕ್ಕೆ ಬಿಟ್ಟೆ.

2015ರಲ್ಲಿ ಬಂದ ಕೇಂದ್ರದ ಕೌಶಲ ಯೋಜನೆಯಲ್ಲಿ ಇಂಥವರಿಗೂ ಒಂದು ದಾರಿ ಮಾಡಿದ್ದಾರೆ. ಕೆಲಸ ಮಾಡ್ತಾ ಕಲಿತವನನ್ನ ಪರೀಕ್ಷೆ ಮಾಡಿ, ಇವನಿಗೆ ಇದು ಬರುತ್ತೆ ಅಂತ ಸರ್ಟಿಫಿಕೇಟ್ ಕೊಡೋದು. ಒಳ್ಳೇದೇ. ಕಾಕಾನಿಗೆ ಇದನ್ನ ವಿವರಿಸಿದೆ. "ಈಗ ತಗೊಂಡ್ ಯಾರಿಗೆ ತೋರಿಸ್ಲಿ?" ಅಂದು ನಕ್ಕರು.

ಅವರನ್ನ ಕೂರಿಸಿ ಪರೀಕ್ಷೆ ಮಾಡಿದ್ದು ಜೀವನದಲ್ಲಿ ಒಂದೇ ಸಲ. ಗಲ್ಫಿಗೆ ಹೋಗೋ ಮೊದಲು ಮುಂಬೈಯ ಒಂದು ಶೆಡ್ಡಿನಲ್ಲಿ ನಡೆದ ಟ್ರೇಡ್ ಟೆಸ್ಟ್. ಕೈಗೆ ಐಸೊ ಕೊಟ್ಟರು, ಎರಡು ಎಲ್ಬೊ, ಒಂದು ಫ್ಲ್ಯಾಂಜು, ಒಂದು ತುಂಡು ಪೈಪು. ಫ್ಲ್ಯಾಂಜಿನ ಬೋಲ್ಟ್ ತೂತುಗಳು ನಡುಗೆರೆಯ ಎರಡೂ ಪಕ್ಕಕ್ಕೆ ಸಮವಾಗಿ ಬರೋ ಹಾಗೆ ಲೆವೆಲ್ ಇಟ್ಟು ಕೂರಿಸಿದ್ದನ್ನ ನೋಡಿದ ಪರೀಕ್ಷಕ ಬೇರೇನೂ ಕೇಳದೆ ಸಹಿ ಹಾಕಿದನಂತೆ.

ಟ್ರಂಕಿನ ತಳದಲ್ಲಿ, ಪಗಾರ ಚೀಟಿಗಳ ಕೆಳಗೆ, ಪ್ಲಾಸ್ಟಿಕ್ ಕವರಿನಲ್ಲಿ ಒಂದು ಜೆರಾಕ್ಸ್ ಇತ್ತು. ಆ ಸಲದ ವೀಸಾ ಪುಟ. ಎಲ್ಲ ಅರಬ್ಬಿಯಲ್ಲಿದೆ. ಕಾಕಾನಿಗೆ ಅರಬ್ಬಿ ಓದೋಕೆ ಬರಲ್ಲ, ನನಗೂ ಬರಲ್ಲ. ಒಂದು ಸಾಲಿನ ಮೇಲೆ ಬೆರಳಿಟ್ಟು ತೋರಿಸಿದರು. "ಇಲ್ಲಿ ಐತಿ ನೋಡು. ಫಿಟ್ಟರ್."